ಕೊಟಿಲಿಯನ್ ತರಗತಿ: ಹದಿಹರೆಯದ ಹೊಸ್ತಿಲಲ್ಲಿರುವ ಮಕ್ಕಳಿಗೆ ಶಿಷ್ಟಾಚಾರ ಮತ್ತು ಬಾಲ್‌ರೂಂ ನೃತ್ಯ ಕಲಿಸುವ ಕ್ರಮ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ, ಮಗು ಐದನೆಯ ಅಥವಾ ಆರನೆಯ ತರಗತಿಗೆ ಬರುವ ಹೊತ್ತಿಗೆ, ಕೊಟಿಲಿಯನ್ ಎಂಬ ಹೆಸರು ಹೇಗಾದರೂ ಕಿವಿಗೆ ಬಿದ್ದೇ ಬೀಳುತ್ತದೆ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ನಾಲ್ಕು ಜೋಡಿಗಳು ಚೌಕಾಕಾರವಾಗಿ ನಿಂತು ಆಡುತ್ತಿದ್ದ ಒಂದು ನೃತ್ಯಕ್ಕೆ ಈ ಹೆಸರಿತ್ತು. ಇಂದು ಅಮೆರಿಕದಲ್ಲಿ ಅದು ಮಕ್ಕಳಿಗೆ ನಡೆನುಡಿ, ಊಟದ ರೀತಿ ಮತ್ತು ಜೋಡಿ ನೃತ್ಯವನ್ನು ಒಟ್ಟಿಗೆ ಕಲಿಸುವ ತರಗತಿಗೂ, ಆ ತರಗತಿಯ ಕೊನೆಯಲ್ಲಿ ನಡೆಯುವ ಔಪಚಾರಿಕ ನೃತ್ಯಕೂಟಕ್ಕೂ ಸಲ್ಲುತ್ತದೆ. ಉತ್ತರ ಕೆರೊಲಿನಾದ ಲಿಂಕನ್ಟನ್ ಎಂಬ ಸಣ್ಣ ಊರಿನಲ್ಲಿ 1979ರಲ್ಲಿ ಆರಂಭವಾದ ನ್ಯಾಷನಲ್ ಲೀಗ್ ಆಫ್ ಜೂನಿಯರ್ ಕೊಟಿಲಿಯನ್ಸ್ ಇಂತಹ ತರಗತಿಗಳನ್ನು ಅನೇಕ ರಾಜ್ಯಗಳಿಗೆ ಹರಡಿದೆ. ನ್ಯೂಯಾರ್ಕಿನಲ್ಲಿ ಇದೇ ಕೆಲಸ ಬೇರೊಂದು ದಾರಿ ಹಿಡಿಯಿತು: ಬಾಲ್‌ರೂಂ ನೃತ್ಯಗಾರ ಪಿಯೆರ್ ಡುಲೇನ್ 1994ರಲ್ಲಿ ಆರಂಭಿಸಿದ ಡ್ಯಾನ್ಸಿಂಗ್ ಕ್ಲಾಸ್‌ರೂಮ್ಸ್ ಎಂಬ ಕಾರ್ಯಕ್ರಮವು ಸಾರ್ವಜನಿಕ ಶಾಲೆಗಳ ಐದನೆಯ ತರಗತಿಯ ಮಕ್ಕಳಿಗೆ ಹತ್ತು ವಾರಗಳಲ್ಲಿ ಇಪ್ಪತ್ತು ಪಾಠಗಳ ಮೂಲಕ ಬಾಲ್‌ರೂಂ ನೃತ್ಯವನ್ನೂ ಅದರೊಡನೆ ಪರಸ್ಪರ ಗೌರವವನ್ನೂ ಕಲಿಸುತ್ತ ಬಂದಿದೆ.

ಈ ಲೇಖನ ಬರೆದಿರುವುದು, ತಮ್ಮ ಊರಿನ ಹತ್ತಾರು ಮಕ್ಕಳನ್ನು ಸೇರಿಸಿ ಇಂತಹದೊಂದು ಚಿಕ್ಕ ತರಗತಿಯನ್ನು ತಾವೇ ನಡೆಸಬೇಕೆಂದಿರುವ ಪೋಷಕರಿಗೆ ಮತ್ತು ಸ್ವಯಂಸೇವಕರಿಗೆ. ಹೆಚ್ಚಿನವರು ಹೆಜ್ಜೆಗಳಿಂದ ಆರಂಭಿಸಿ ಶಿಷ್ಟಾಚಾರವನ್ನು ಕೊನೆಯ ಹತ್ತು ನಿಮಿಷದ ಉಪದೇಶವಾಗಿ ಇಟ್ಟುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕ್ರಮ ತಿರುವುಮುರುವಾಗಬೇಕು. ನೃತ್ಯಕ್ಕೆ ಕರೆಯುವುದು, ಒಪ್ಪುವುದು, ಜೊತೆಯಲ್ಲಿ ನಡೆದು ಬರುವುದು, ಮುಗಿದ ಮೇಲೆ ವಂದಿಸಿ ಮರಳಿ ಕರೆದೊಯ್ಯುವುದು, ಇವಿಷ್ಟು ಗಟ್ಟಿಯಾದರೆ ಹೆಜ್ಜೆಗಳು ತಾವಾಗಿ ಕೂರುತ್ತವೆ. ಇವು ಸಡಿಲವಾಗಿದ್ದರೆ ಎಷ್ಟು ಚೆನ್ನಾಗಿ ಹೆಜ್ಜೆ ಹಾಕುವ ಮಗುವೂ ಸಭೆಯಲ್ಲಿ ಗೋಡೆಗೆ ಒರಗಿ ನಿಂತುಬಿಡುತ್ತದೆ.

ಮೊದಲ ಸಿದ್ಧತೆ

ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಒಂದು ಗುಂಪಾಗಿ ತೆಗೆದುಕೊಳ್ಳಬಹುದು. ಅದಕ್ಕಿಂತ ಚಿಕ್ಕವರು ಎದುರಿನವರನ್ನು ಗಮನಿಸುವುದಕ್ಕಿಂತ ಓಡಾಡುವುದರಲ್ಲೇ ಮಗ್ನರಾಗುತ್ತಾರೆ. ದೊಡ್ಡವರಿಗೆ ಈ ಪಾಠ ಬಾಲಿಶವೆನಿಸುತ್ತದೆ. ಒಂದು ತರಗತಿಗೆ ಎಪ್ಪತ್ತೈದು ನಿಮಿಷ ಸಾಕು, ಅದರಲ್ಲೂ ಒಂದೇ ಚಟುವಟಿಕೆ ಕಾಲು ಗಂಟೆಯನ್ನು ಮೀರದಂತೆ ನೋಡಿಕೊಳ್ಳಬೇಕು. ಮರದ ನೆಲದ ಸಭಾಂಗಣ ಸಿಕ್ಕರೆ ಅತ್ಯುತ್ತಮ. ಕಾರ್ಪೆಟ್ ಹಾಸಿದ ಕೋಣೆ ಬೇಡ. ರಬ್ಬರ್ ತಳದ ಆಟದ ಶೂಗಳು ನೆಲಕ್ಕೆ ಕಚ್ಚಿಕೊಳ್ಳುವುದರಿಂದ ತಿರುಗುವಾಗ ಮೊಣಕಾಲಿಗೆ ಪೆಟ್ಟಾಗಬಹುದು, ಆದ್ದರಿಂದ ನುಣುಪಾದ ತಳದ ಶೂ ತರಬೇಕೆಂದು ಮೊದಲ ಪತ್ರದಲ್ಲಿಯೇ ತಿಳಿಸಿ. ದಕ್ಷಿಣದ ಸಾಂಪ್ರದಾಯಿಕ ತರಗತಿಗಳಲ್ಲಿ ಹುಡುಗರಿಗೆ ಬ್ಲೇಜರ್ ಮತ್ತು ಟೈ, ಹುಡುಗಿಯರಿಗೆ ಬಿಳಿಯ ಕೈಗವಸು ಇರುವುದುಂಟು. ಕೈಗವಸು ಹಳೆಯ ಕಾಲದ ಆಡಂಬರದಂತೆ ಕಂಡರೂ ಬೆವರುವ ಅಂಗೈಗಳ ಮುಜುಗರವನ್ನು ಅದು ಚೆನ್ನಾಗಿಯೇ ಮರೆಮಾಡುತ್ತದೆ. ಕೈಗವಸು ಬೇಡವೆಂದರೆ ಪ್ರತಿಯೊಬ್ಬರೂ ಒಂದು ಕರವಸ್ತ್ರ ತರಲಿ.

ಯಾರು ಮುನ್ನಡೆಸಬೇಕು, ಯಾರು ಅನುಸರಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ. ಹುಡುಗರೇ ಮುನ್ನಡೆಸಬೇಕೆಂಬುದು ಹಳೆಯ ಪದ್ಧತಿ. ಗುಂಪಿನಲ್ಲಿ ಹುಡುಗಿಯರೇ ಹೆಚ್ಚಿದ್ದರೆ, ಅಥವಾ ಯಾರಾದರೂ ಇನ್ನೊಂದು ಪಾತ್ರ ಬಯಸಿದರೆ, ಎಲ್ಲರಿಗೂ ಎರಡೂ ಪಾತ್ರಗಳನ್ನು ಕಲಿಸುವುದೇ ಒಳ್ಳೆಯದು. ಎದುರಿನವರ ಕಷ್ಟ ಅದರಿಂದಲೇ ಅರ್ಥವಾಗುತ್ತದೆ.

ಒಂದನೆಯ ಹಂತ: ಹೆಸರು, ಕೈಕುಲುಕು, ಸ್ವಾಗತದ ಸಾಲು

ಬಾಗಿಲಿನಲ್ಲಿ ಇಬ್ಬರು ಹಿರಿಯರು ನಿಂತಿರಲಿ. ಒಳಬರುವ ಪ್ರತಿ ಮಗುವೂ ಅವರ ಕಣ್ಣನ್ನು ನೋಡಿ, ತನ್ನ ಹೆಸರು ಹೇಳಿ, ಕೈಕುಲುಕಿ ಮುಂದೆ ಹೋಗಬೇಕು. ಇದನ್ನು ಸ್ವಾಗತದ ಸಾಲು ಎನ್ನುತ್ತಾರೆ, ಮತ್ತು ಇದು ಪ್ರತಿ ತರಗತಿಯ ಮೊದಲ ಐದು ನಿಮಿಷ ತಪ್ಪದೆ ನಡೆಯಬೇಕು. ಕೈಕುಲುಕುವಾಗ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಭಾಗ ಎದುರಿನವರ ಅದೇ ಭಾಗಕ್ಕೆ ತಾಗಬೇಕು. ಎರಡು ಅಥವಾ ಮೂರು ಬಾರಿ ಮೇಲೆ ಕೆಳಗೆ ಆಡಿಸಿ ಬಿಡಬೇಕು. ಬೆರಳ ತುದಿಯಷ್ಟನ್ನೇ ಕೊಡುವುದು ನಮ್ಮ ಮಕ್ಕಳಲ್ಲಿ ಬಹಳ ಸಾಮಾನ್ಯ, ಏಕೆಂದರೆ ಮನೆಯಲ್ಲಿ ಹಿರಿಯರಿಗೆ ಅವರು ಕೈ ಮುಗಿಯುತ್ತಾರೆ ಅಥವಾ ಕಾಲಿಗೆ ನಮಸ್ಕರಿಸುತ್ತಾರೆ, ಕೈ ಹಿಡಿಯುವುದಿಲ್ಲ. ನಮಸ್ಕಾರವನ್ನು ಬಿಡಿಸುವ ಅಗತ್ಯವಿಲ್ಲ. ಎಲ್ಲಿ ಯಾವುದು ಎಂಬ ವಿವೇಚನೆಯನ್ನು ಕಲಿಸಿದರೆ ಸಾಕು.

ಹೆಸರಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಬೇಕು. ‘ಜ್ಞ’, ‘ಳ’, ‘ಣ’ ಇರುವ ಹೆಸರುಗಳನ್ನು ಅಮೆರಿಕದ ಸಹಪಾಠಿಗಳು ತಪ್ಪಾಗಿ ಉಚ್ಚರಿಸುತ್ತಾರೆಂದು ಗೊತ್ತಿರುವ ಮಗು ತನ್ನ ಹೆಸರನ್ನು ಗಡಿಬಿಡಿಯಲ್ಲಿ ನುಂಗಿ ಹೇಳುತ್ತದೆ, ಇಲ್ಲವೇ ಕತ್ತರಿಸಿ ಎರಡಕ್ಷರ ಮಾಡಿಕೊಳ್ಳುತ್ತದೆ. ಹೆಸರನ್ನು ಒಮ್ಮೆ ಪೂರ್ತಿಯಾಗಿ, ಇನ್ನೊಮ್ಮೆ ಬಿಡಿಸಿ ನಿಧಾನವಾಗಿ ಹೇಳುವುದನ್ನು ಅಭ್ಯಾಸ ಮಾಡಿಸಿ. ಎದುರಿನವರ ಹೆಸರು ಸರಿಯಾಗಿ ಕೇಳಿಸದಿದ್ದರೆ ಮತ್ತೊಮ್ಮೆ ಕೇಳುವುದು ಅವಮರ್ಯಾದೆಯಲ್ಲ ಎಂಬುದನ್ನೂ ಜೊತೆಯಲ್ಲೇ ಹೇಳಬೇಕು. ಇಬ್ಬರನ್ನು ಪರಿಚಯಿಸುವಾಗ ಗೌರವ ಸಲ್ಲಬೇಕಾದ ಹಿರಿಯರ ಹೆಸರು ಮೊದಲು ಬರಬೇಕು: ಅಜ್ಜಿಯನ್ನು ಸಂಬೋಧಿಸಿ ಗೆಳೆಯನನ್ನು ಪರಿಚಯಿಸಬೇಕೇ ಹೊರತು ಗೆಳೆಯನನ್ನು ಸಂಬೋಧಿಸಿ ಅಜ್ಜಿಯನ್ನಲ್ಲ. ದಕ್ಷಿಣದ ರಾಜ್ಯಗಳಲ್ಲಿ ಹಿರಿಯರಿಗೆ ‘ಯೆಸ್ ಮ್ಯಾಮ್’, ‘ನೋ ಸರ್’ ಎಂದು ಉತ್ತರಿಸುವ ರೂಢಿ ಇಂದಿಗೂ ಇದೆ. ಬಹುವಚನದಲ್ಲಿ ಮಾತನಾಡಿ ಬೆಳೆದ ಮಕ್ಕಳಿಗೆ ಇದನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ಎರಡನೆಯ ಹಂತ: ಕರೆಯುವುದು ಮತ್ತು ಒಪ್ಪುವುದು

ಇನ್ನೂ ಸಂಗೀತ ಹಾಕಬೇಡಿ. ಗೋಡೆಯ ಎರಡು ಬದಿಗಳಲ್ಲಿ ಕುರ್ಚಿಗಳನ್ನು ಸಾಲಾಗಿ ಇಡಿಸಿ, ಮಕ್ಕಳನ್ನು ಎದುರುಬದುರಾಗಿ ಕೂರಿಸಿ. ಒಂದು ಸಾಲಿನ ಮಗು ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಓಡದೆ ನಡೆದು, ಎದುರಿನವರಿಂದ ಒಂದು ತೋಳಿಗಿಂತ ತುಸು ಹೆಚ್ಚಿನ ದೂರದಲ್ಲಿ ನಿಂತು, ‘ಮೇ ಐ ಹ್ಯಾವ್ ದಿಸ್ ಡ್ಯಾನ್ಸ್?’ ಎಂದು ಕೇಳಬೇಕು. ಎದುರಿನ ಮಗು ಕಣ್ಣೆತ್ತಿ ನೋಡಿ, ‘ಯೆಸ್, ಥ್ಯಾಂಕ್ ಯೂ’ ಎಂದು ಹೇಳಿ ಎದ್ದು ನಿಲ್ಲಬೇಕು. ಕರೆದವರು ಬಲಗೈಯ ಮೊಣಕೈಯನ್ನು ಮಡಿಸಿ ಚಾಚಿದಾಗ ಇನ್ನೊಬ್ಬರು ಅದರ ಮೇಲೆ ಹಗುರಾಗಿ ಕೈಯಿರಿಸಿ, ಇಬ್ಬರೂ ಸಭಾಂಗಣದ ನಡುವಿಗೆ ನಡೆದು ಬರಬೇಕು. ಅಲ್ಲಿ ಒಂದು ಕ್ಷಣ ನಿಂತು, ಒಬ್ಬರಿಗೊಬ್ಬರು ವಂದಿಸಿ, ಅದೇ ರೀತಿಯಲ್ಲಿ ಹಿಂದಿರುಗಿ, ಕುರ್ಚಿಯ ಬಳಿ ‘ಥ್ಯಾಂಕ್ ಯೂ’ ಎಂದು ಹೇಳಿ ಬೀಳ್ಕೊಡಬೇಕು. ಇದನ್ನು ನೃತ್ಯವಿಲ್ಲದೆ, ಬರಿಯ ನಡಿಗೆಯಾಗಿ, ಜೋಡಿ ಬದಲಿಸುತ್ತ ಆರೇಳು ಬಾರಿ ಮಾಡಿಸಿ. ಮೊದಲೆರಡು ಸಲ ಎಲ್ಲರೂ ನಗುತ್ತಾರೆ, ಕೆಲವರು ನೆಲ ನೋಡಿಕೊಂಡೇ ಪ್ರಶ್ನೆ ಕೇಳಿ ಮುಗಿಸುತ್ತಾರೆ. ಅದನ್ನು ತಡೆಯಲು ಹೋಗಬೇಡಿ. ನಾಲ್ಕನೆಯ ಸುತ್ತಿನ ವೇಳೆಗೆ ನಗು ತಾನಾಗಿ ಇಳಿಯುತ್ತದೆ.

ಇಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತದೆ: ಒಲ್ಲೆ ಎನ್ನಬಹುದೇ? ಅನೇಕ ಕೊಟಿಲಿಯನ್ ತರಗತಿಗಳಲ್ಲಿ ಯಾರೂ ಯಾರನ್ನೂ ನಿರಾಕರಿಸಬಾರದೆಂಬ ನಿಯಮವಿದೆ. ಕೇಳಿದ ಮಗುವಿಗೆ ಹತ್ತು ಜನರೆದುರು ನೋವಾಗಬಾರದೆಂಬುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ ಆದರೂ ತನ್ನ ಮೈ ಮುಟ್ಟಲು ಯಾರಿಗೆ ಒಪ್ಪಿಗೆ ಕೊಡಬೇಕೆಂದು ತೀರ್ಮಾನಿಸುವ ಅಧಿಕಾರವನ್ನು ಹನ್ನೆರಡು ವರ್ಷದ ಮಗುವಿನಿಂದ ಕಿತ್ತುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಹಳೆಯ ಶಿಷ್ಟಾಚಾರವೇ ಇದಕ್ಕೊಂದು ದಾರಿ ತೋರಿಸಿದೆ: ನಿರಾಕರಿಸಬಹುದು, ಆದರೆ ನಿರಾಕರಿಸಿದವರು ಅದೇ ಹಾಡಿಗೆ ಇನ್ನೊಬ್ಬರೊಂದಿಗೆ ನೃತ್ಯ ಮಾಡುವಂತಿಲ್ಲ, ಆ ಹಾಡು ಮುಗಿಯುವ ತನಕ ಕುಳಿತಿರಬೇಕು. ‘ಥ್ಯಾಂಕ್ ಯೂ, ಈ ಹಾಡಿಗೆ ನಾನು ಕುಳಿತಿರುತ್ತೇನೆ’ ಎಂಬ ಒಂದೇ ವಾಕ್ಯವನ್ನು, ಕಾರಣ ಕೊಡದೆ, ಮುಖ ಸಿಂಡರಿಸದೆ ಹೇಳುವುದನ್ನು ಅಭ್ಯಾಸ ಮಾಡಿಸಿ. ನಿರಾಕರಣೆ ಕೇಳಿದವರು ‘ಪರವಾಗಿಲ್ಲ’ ಎಂದು ಹೇಳಿ ಅಲ್ಲಿಂದ ಸಾವಧಾನವಾಗಿ ಹೊರಡುವುದನ್ನೂ ಅಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಿಸಬೇಕು. ಎರಡರಲ್ಲಿ ಹೆಚ್ಚು ಕಷ್ಟದ ಪಾಠ ಅದೇ.

ಮೂರನೆಯ ಹಂತ: ಹಿಡಿತ

ಮೊದಲ ದಿನವೇ ಪೂರ್ಣ ಹಿಡಿತಕ್ಕೆ ಹೋಗಬಾರದು. ಎರಡೂ ಕೈಗಳನ್ನು ಸೊಂಟದ ಎತ್ತರದಲ್ಲಿ ಹಿಡಿದುಕೊಂಡು ತೋಳಿನ ಅಂತರದಲ್ಲಿ ನಿಲ್ಲುವ ಜೋಡಿಗೈ ಹಿಡಿತದಿಂದ ಆರಂಭಿಸಿ, ಮುಂದಿನ ತರಗತಿಯಲ್ಲಿ ಮುಚ್ಚಿದ ಹಿಡಿತಕ್ಕೆ ಹೋಗಿ. ಅದರಲ್ಲಿ ಮುನ್ನಡೆಸುವವರ ಎಡಗೈ ಇನ್ನೊಬ್ಬರ ಬಲಗೈಯನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗೆ ಹಿಡಿದಿರುತ್ತದೆ. ಅವರ ಬಲಗೈ ಇನ್ನೊಬ್ಬರ ಎಡ ಹೆಗಲಿನ ಹಿಂಭಾಗದ ಮೂಳೆಯ ಮೇಲಿರುತ್ತದೆ, ಸೊಂಟದ ಮೇಲೆ ಅಲ್ಲ. ಅನುಸರಿಸುವವರ ಎಡಗೈ ಮುನ್ನಡೆಸುವವರ ಮೇಲ್ತೋಳಿನ ಮೇಲೆ ಒರಗಿರುತ್ತದೆ. ಬೆನ್ನಿನ ಮೇಲಿನ ಆ ಕೈ ಎಲ್ಲಿರಬೇಕೆಂಬುದನ್ನು ಇಬ್ಬರು ಶಿಕ್ಷಕರು ತಾವೇ ನಿಂತು ತೋರಿಸಬೇಕು, ಮಕ್ಕಳ ಮೈಮೇಲೆ ಕೈಯಿಟ್ಟು ತಿದ್ದಬಾರದು. ಪೋಷಕರ ಮುಜುಗರ ಹೆಚ್ಚಾಗಿ ಹುಟ್ಟುವುದೂ ಈ ಹಂತದಲ್ಲಿಯೇ. ಮೊದಲ ತರಗತಿಗೆ ಅವರನ್ನೂ ಕರೆದು ಕೂರಿಸಿದರೆ ಅರ್ಧ ಆಕ್ಷೇಪಣೆಗಳು ಅಲ್ಲಿಯೇ ಕರಗುತ್ತವೆ. ಉಳಿದರ್ಧಕ್ಕೆ, ವರ್ಷವಿಡೀ ಜೋಡಿಗೈ ಹಿಡಿತದಲ್ಲಿಯೇ ಕಲಿಯುವ ಅವಕಾಶ ಇಟ್ಟುಕೊಳ್ಳಿ. ಹೆಜ್ಜೆಗಳಿಗೆ ಅದರಿಂದ ಏನೂ ಕುಂದಿಲ್ಲ.

ನಾಲ್ಕನೆಯ ಹಂತ: ವಾಲ್ಟ್ಜ್‌ನ ಚೌಕ ಹೆಜ್ಜೆ

ಮೊದಲು ಕಲಿಸಬೇಕಾದ ನೃತ್ಯ ವಾಲ್ಟ್ಜ್. ಮೂರು ಎಣಿಕೆಯ ಈ ನೃತ್ಯದ ಮೂಲ ಹೆಜ್ಜೆ ಆರು ಎಣಿಕೆಯಲ್ಲಿ ನೆಲದ ಮೇಲೆ ಒಂದು ಚೌಕವನ್ನು ಬರೆಯುತ್ತದೆ. ಮುನ್ನಡೆಸುವವರು ಒಂದಕ್ಕೆ ಎಡಗಾಲನ್ನು ಮುಂದಕ್ಕೆ, ಎರಡಕ್ಕೆ ಬಲಗಾಲನ್ನು ಪಕ್ಕಕ್ಕೆ ಇಟ್ಟು, ಮೂರಕ್ಕೆ ಎಡಗಾಲನ್ನು ಬಲಗಾಲಿಗೆ ಸೇರಿಸುತ್ತಾರೆ. ನಾಲ್ಕಕ್ಕೆ ಬಲಗಾಲು ಹಿಂದಕ್ಕೆ, ಐದಕ್ಕೆ ಎಡಗಾಲು ಪಕ್ಕಕ್ಕೆ, ಆರಕ್ಕೆ ಬಲಗಾಲು ಎಡಗಾಲಿಗೆ ಸೇರುತ್ತದೆ. ಅನುಸರಿಸುವವರದು ಇದರ ಪ್ರತಿಬಿಂಬ: ಬಲಗಾಲು ಹಿಂದಕ್ಕೆ, ಎಡಗಾಲು ಪಕ್ಕಕ್ಕೆ, ಬಲಗಾಲು ಸೇರುವುದು, ಬಳಿಕ ಎಡಗಾಲು ಮುಂದಕ್ಕೆ, ಬಲಗಾಲು ಪಕ್ಕಕ್ಕೆ, ಎಡಗಾಲು ಸೇರುವುದು. ನೆಲದ ಮೇಲೆ ಬಣ್ಣದ ಟೇಪಿನಿಂದ ಚೌಕ ಬರೆದಿಟ್ಟರೆ ಮೊದಲ ದಿನ ಬಹಳ ಅನುಕೂಲ.

ಕರ್ನಾಟಕ ಸಂಗೀತವನ್ನೋ ಭರತನಾಟ್ಯವನ್ನೋ ಕಲಿಯುತ್ತಿರುವ ಮಕ್ಕಳು ಗುಂಪಿನಲ್ಲಿದ್ದರೆ ‘ತಕಿಟ, ತಕಿಟ’ ಎಂದು ಹೇಳಿಕೊಂಡು ಹೆಜ್ಜೆ ಹಾಕಲು ಹೇಳಿ. ಮೂರೆಣಿಕೆಯ ತಿಶ್ರ ನಡೆ ಅವರ ಬಾಯಲ್ಲಿ ಮೊದಲೇ ಇರುವುದರಿಂದ ಲಯ ಕೂಡಲೇ ಹಿಡಿಯುತ್ತದೆ, ಮತ್ತು ‘ತ’ ಬರುವಲ್ಲಿ ಉದ್ದದ ಹೆಜ್ಜೆ ಬೀಳಬೇಕೆಂಬುದೂ ಸ್ಪಷ್ಟವಾಗುತ್ತದೆ. ಆದರೆ ಇದೇ ಮಕ್ಕಳಿಗೆ ಎರಡು ತೊಡಕುಗಳಿವೆ. ಮೊಣಕಾಲು ಬಾಗಿಸಿ ನಿಲ್ಲುವ ಅರಮಂಡಿಯ ಅಭ್ಯಾಸದಿಂದ ಅವರ ಪಾದಗಳು ಹೊರಕ್ಕೆ ತಿರುಗಿರುತ್ತವೆ, ವಾಲ್ಟ್ಜ್‌ನಲ್ಲಿ ಪಾದಗಳು ಸಮಾನಾಂತರವಾಗಿ ಮುಂದೆ ನೋಡಬೇಕು. ಅವರು ಪಾದವನ್ನು ನೆಲಕ್ಕೆ ತಟ್ಟುತ್ತಾರೆ, ಇಲ್ಲಿ ಪಾದ ನೆಲವನ್ನು ಸವರಿಕೊಂಡು ಹೋಗಬೇಕು. ಸಾಕ್ಸ್ ಹಾಕಿಕೊಂಡು ಐದು ನಿಮಿಷ ಅಭ್ಯಾಸ ಮಾಡಿಸಿದರೆ ತಟ್ಟುವ ಸದ್ದು ನಿಲ್ಲುತ್ತದೆ, ಜಾರದಂತೆ ಗಮನವಿರಲಿ.

ಎಲ್ಲ ಮಕ್ಕಳೂ ಮಾಡುವ ಒಂದು ತಪ್ಪಿದೆ, ಉಳಿದ ತಪ್ಪುಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಮೂರನೆಯ ಎಣಿಕೆಗೆ ಪಾದಗಳು ಸೇರಿದಾಗ ಮೈಭಾರ ಸೇರಿದ ಕಾಲಿಗೆ ವರ್ಗವಾಗಬೇಕು. ಹಾಗಾಗದೆ ಪಾದ ಬರಿದೇ ನೆಲ ಮುಟ್ಟಿ ನಿಂತರೆ ನಾಲ್ಕನೆಯ ಎಣಿಕೆಗೆ ತಪ್ಪು ಕಾಲು ಹೊರಡುತ್ತದೆ, ಮೊಣಕಾಲುಗಳು ಡಿಕ್ಕಿ ಹೊಡೆಯುತ್ತವೆ, ಇಬ್ಬರೂ ಕೆಳಗೆ ನೋಡಲಾರಂಭಿಸುತ್ತಾರೆ. ನೋಡಿದ ಕೂಡಲೇ ‘ತಲೆಯೆತ್ತು’ ಎಂದು ಗದರಿಸಿ ಪ್ರಯೋಜನವಿಲ್ಲ. ‘ಸೇರಿಸು, ಭಾರ ಬದಲಿಸು’ ಎಂದು ಹೇಳುತ್ತ, ಮೂರನೆಯ ಎಣಿಕೆಯಲ್ಲಿ ಎಲ್ಲರನ್ನೂ ನಿಲ್ಲಿಸಿ, ಈಗ ಯಾವ ಕಾಲನ್ನು ಎತ್ತಬಲ್ಲಿರಿ ಎಂದು ಕೇಳಿ. ಎತ್ತಲು ಸುಲಭವಾದ ಕಾಲೇ ಮುಂದಿನ ಹೆಜ್ಜೆಯದು.

ಸಂಗೀತದ ವೇಗ ನಿಮಿಷಕ್ಕೆ 84ರಿಂದ 90 ಬಡಿತಗಳಷ್ಟಿರಲಿ. ವಾಲ್ಟ್ಜ್ ಎಂದಾಕ್ಷಣ ನೆನಪಿಗೆ ಬರುವ ವಿಯೆನ್ನಾದ ಹಳೆಯ ಕೃತಿಗಳನ್ನು ಹಾಕಬೇಡಿ; ಅವುಗಳ ವೇಗ 180 ಬಡಿತದ ಸಮೀಪವಿದ್ದು ಆರಂಭದ ಮಕ್ಕಳು ಎರಡನೆಯ ಸಾಲಿಗೇ ಕೈಬಿಡುತ್ತಾರೆ.

ಉಳಿದ ನೃತ್ಯಗಳು

ಚೌಕ ಹೆಜ್ಜೆ ಬಂದ ಮೇಲೆ ಫಾಕ್ಸ್‌ಟ್ರಾಟ್‌ಗೆ ಹೋಗಬಹುದು. 1914ರ ಸುಮಾರಿಗೆ ಅಮೆರಿಕದಲ್ಲಿ ಜನಪ್ರಿಯವಾದ ಈ ನಾಲ್ಕೆಣಿಕೆಯ ನೃತ್ಯದ ಮೂಲ ಹೆಜ್ಜೆಯಲ್ಲಿ ಎರಡು ನಿಧಾನದ ನಡಿಗೆಗಳೂ ಎರಡು ಬೇಗದ ಹೆಜ್ಜೆಗಳೂ ಇವೆ: ಮುಂದೆ, ಮುಂದೆ, ಪಕ್ಕಕ್ಕೆ, ಸೇರಿಸು. ನಿಧಾನಕ್ಕೆ ಎರಡೆರಡು, ಬೇಗಕ್ಕೆ ಒಂದೊಂದು ಎಣಿಸಿದರೆ ಒಟ್ಟು ಆರು ಎಣಿಕೆ, ಆದರೆ ಸಂಗೀತ ಸಾಗುವುದು ನಾಲ್ಕರಲ್ಲಿ. ತಾಳ ಬಲ್ಲ ಮಕ್ಕಳು ಪ್ರತಿ ಸುತ್ತೂ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದು ಬೀಳಬೇಕೆಂದು ಕಾಯುತ್ತ ಗೊಂದಲಗೊಳ್ಳುವುದು ಇಲ್ಲಿಯೇ. ಎರಡು ಸುತ್ತು ಮುಗಿದಾಗ ಹನ್ನೆರಡು ಎಣಿಕೆಯಾಗಿ ಮತ್ತೆ ಸಮ ಸಿಗುತ್ತದೆಂದು ಹೇಳಿದರೆ ಅವರಿಗೆ ಸಮಾಧಾನವಾಗುತ್ತದೆ, ಉಳಿದವರಿಗೆ ಈ ಲೆಕ್ಕ ಬೇಕಿಲ್ಲ.

ಐವತ್ತರ ದಶಕದ ಆರಂಭದಲ್ಲಿ ಕ್ಯೂಬಾದಲ್ಲಿ ರೂಪುಗೊಂಡ ಚಾ ಚಾ ಮಕ್ಕಳ ಅಚ್ಚುಮೆಚ್ಚಿನದು. ಅದರ ಕೊನೆಯ ಮೂರು ಹೆಜ್ಜೆಗಳನ್ನು ‘ತಕಿಟ’ ಎಂದು ಹೇಳಿಸಬೇಡಿ. ಅವು ಸಮಾನ ಅಂತರದವಲ್ಲ, ಮೊದಲೆರಡು ಅರ್ಧರ್ಧ ಎಣಿಕೆಯವು, ಮೂರನೆಯದು ಪೂರ್ಣ. ‘ಒಂದು, ಎರಡು, ಚಾ ಚಾ ಚಾ’ ಎಂದೇ ಹೇಳಿಸಿ. ಸ್ವಿಂಗ್ ಅನ್ನು ಕೊನೆಗೆ, ಸಮಯ ಉಳಿದರೆ ಮಾತ್ರ ಕಲಿಸಬಹುದು.

ಪ್ರತಿ ಹಾಡಿಗೂ ಜೋಡಿ ಬದಲಾಗಬೇಕು. ಮುನ್ನಡೆಸುವವರು ವೃತ್ತವಾಗಿ ನಿಂತಲ್ಲೇ ನಿಂತು, ಅನುಸರಿಸುವವರು ಒಂದೊಂದು ಸ್ಥಾನ ಮುಂದೆ ಸರಿದರೆ ಯಾರು ಯಾರಿಗೆ ಇಷ್ಟ ಎಂಬ ಪಿಸುಮಾತಿಗೆ ಆಸ್ಪದವೇ ಇರುವುದಿಲ್ಲ. ಸಂಖ್ಯೆ ಬೆಸವಾದರೆ ಒಂದು ಸ್ಥಾನವನ್ನು ಖಾಲಿ ಬಿಟ್ಟು, ಅಲ್ಲಿಗೆ ಬಂದ ಮಗುವಿಗೆ ಹಾಡು ನಿಲ್ಲಿಸಿ ಹಾಕುವ ಕೆಲಸ ಕೊಡಿ. ನಡೆಯುತ್ತ ಆಡುವ ನೃತ್ಯಗಳಲ್ಲಿ ಎಲ್ಲ ಜೋಡಿಗಳೂ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸಾಗಬೇಕೆಂಬುದು ಎಲ್ಲೆಡೆ ಒಪ್ಪಿತವಾದ ನಿಯಮ. ನಮ್ಮ ಮಕ್ಕಳು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿ ಬಲಸುತ್ತಿಗೆ ಒಗ್ಗಿಕೊಂಡವರು. ಇಲ್ಲಿ ಸುತ್ತು ಅದಕ್ಕೆ ತದ್ವಿರುದ್ಧ ಎಂದರೆ ಮರೆಯುವುದಿಲ್ಲ.

ಐದನೆಯ ಹಂತ: ಊಟದ ಮೇಜು

ಒಂದು ತರಗತಿಯನ್ನು ಪೂರ್ತಿಯಾಗಿ ಊಟಕ್ಕೆ ಮೀಸಲಿಡಬೇಕು, ಅದೂ ನಿಜವಾದ ಆಹಾರದೊಂದಿಗೆ. ಖಾಲಿ ತಟ್ಟೆಗಳ ಮುಂದೆ ಯಾರೂ ಏನನ್ನೂ ಕಲಿಯುವುದಿಲ್ಲ. ಫೋರ್ಕುಗಳು ತಟ್ಟೆಯ ಎಡಕ್ಕೆ, ಚಾಕು ಮತ್ತು ಚಮಚಗಳು ಬಲಕ್ಕೆ ಇರುತ್ತವೆ. ಒಂದೊಂದು ಖಾದ್ಯ ಬಡಿಸಿದಾಗಲೂ ಹೊರಗಿನದನ್ನು ಮೊದಲು ತೆಗೆದುಕೊಂಡು ಒಳಕ್ಕೆ ಬರಬೇಕು. ಬ್ರೆಡ್ಡಿನ ತಟ್ಟೆ ನಮ್ಮ ಎಡಕ್ಕಿರುವುದು, ನೀರಿನ ಲೋಟ ಬಲಕ್ಕಿರುವುದು. ದುಂಡು ಮೇಜಿನಲ್ಲಿ ಪಕ್ಕದವರ ನೀರು ಕುಡಿದುಬಿಡುವ ಪ್ರಮಾದ ಆಗುವುದು ಇದನ್ನು ಮರೆತಾಗ. ನ್ಯಾಪ್‌ಕಿನ್ ತೊಡೆಯ ಮೇಲಿರಲಿ, ನಡುವೆ ಎದ್ದು ಹೋಗುವಾಗ ಕುರ್ಚಿಯ ಮೇಲೆ, ಊಟ ಮುಗಿದಾಗ ತಟ್ಟೆಯ ಎಡಕ್ಕೆ. ಬ್ರೆಡ್ಡನ್ನು ಕತ್ತರಿಸದೆ ಒಂದೊಂದೇ ತುತ್ತಿನಷ್ಟು ಮುರಿದು ಬೆಣ್ಣೆ ಹಚ್ಚಿಕೊಳ್ಳಬೇಕು. ಸೂಪನ್ನು ಚಮಚದಿಂದ ತನ್ನಿಂದ ಆಚೆಗೆ ತೆಗೆದು, ಸದ್ದಿಲ್ಲದೆ ಕುಡಿಯಬೇಕು. ಸಾರನ್ನು ಸೊರ್ರೆಂದು ಹೀರುವ ಸುಖವನ್ನು ಮನೆಗೆ ಉಳಿಸಿಕೊಳ್ಳಬಹುದು.

ನಮ್ಮ ಮಕ್ಕಳಿಗೆ ನಿಜವಾದ ತೊಡಕು ಎಡಗೈಯದು. ಎಡಗೈಯಿಂದ ತಿನ್ನಬಾರದೆಂದು ಚಿಕ್ಕಂದಿನಿಂದ ಕೇಳಿದ ಮಗು ಯುರೋಪಿನ ಪದ್ಧತಿಯಂತೆ ಎಡಗೈಯಲ್ಲಿ ಫೋರ್ಕು ಹಿಡಿದು ಬಾಯಿಗೆ ಒಯ್ಯಲು ಹಿಂಜರಿಯುತ್ತದೆ. ಅಮೆರಿಕದ ಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ: ಎಡಗೈಯ ಫೋರ್ಕಿನಿಂದ ಒತ್ತಿಹಿಡಿದು ಬಲಗೈಯ ಚಾಕುವಿನಿಂದ ಕತ್ತರಿಸಿದ ಬಳಿಕ ಚಾಕುವನ್ನು ತಟ್ಟೆಯ ಅಂಚಿಗಿಟ್ಟು, ಫೋರ್ಕನ್ನು ಬಲಗೈಗೆ ದಾಟಿಸಿ ತಿನ್ನುವುದು. ಎರಡೂ ಸರಿಯೇ, ಯಾವುದು ಒಗ್ಗುವುದೋ ಅದನ್ನು ಹಿಡಿಯಲಿ.

ಸಸ್ಯಾಹಾರದ ಬಗ್ಗೆಯೂ ಮಕ್ಕಳನ್ನು ಮುಂಚಿತವಾಗಿ ಸಿದ್ಧಪಡಿಸಿ. ದಕ್ಷಿಣದ ಅಡುಗೆಯಲ್ಲಿ ಬೀನ್ಸ್ ಮತ್ತು ಕೊಲಾರ್ಡ್ ಸೊಪ್ಪನ್ನು ಹಲವೆಡೆ ಹಂದಿಮಾಂಸದ ತುಣುಕಿನೊಂದಿಗೆ ಬೇಯಿಸುತ್ತಾರೆ, ತರಕಾರಿ ಸೂಪಿಗೆ ಕೋಳಿಯ ಸಾರು ಬೆರೆತಿರಬಹುದು. ಆಹ್ವಾನಕ್ಕೆ ಉತ್ತರಿಸುವಾಗಲೇ ಇದನ್ನು ಆತಿಥೇಯರಿಗೆ ತಿಳಿಸುವುದು ಶಿಷ್ಟಾಚಾರ. ಮೇಜಿಗೆ ಬಂದ ಮೇಲೆ ಅನುಮಾನ ಬಂದರೆ ಬಡಿಸುವವರನ್ನು ಮೆಲುದನಿಯಲ್ಲಿ ಕೇಳಿ, ತಿನ್ನಲಾಗದ್ದನ್ನು ಸುಮ್ಮನೆ ತಟ್ಟೆಯಲ್ಲಿ ಬಿಡಬೇಕು. ಪಕ್ಕದವರ ತಟ್ಟೆಯ ಬಗ್ಗೆ ಯಾವ ಟೀಕೆಯನ್ನೂ ಮಾಡಬಾರದೆಂಬುದನ್ನು ಎರಡು ಸಲ ಹೇಳಿ.

ಕೊನೆಯ ನೃತ್ಯಕೂಟ

ಕೊನೆಯ ಸಂಜೆಗೆ ಪೋಷಕರನ್ನು ಲಿಖಿತವಾಗಿ ಆಹ್ವಾನಿಸಿ, ಆಹ್ವಾನಪತ್ರವನ್ನು ಮಕ್ಕಳೇ ಬರೆಯಲಿ. ಬರುವ ದಾರಿಯಲ್ಲೇ ಫೋನುಗಳನ್ನು ಒಂದು ಬುಟ್ಟಿಗೆ ಹಾಕಿಸಿ, ಚಿತ್ರ ತೆಗೆಯಲು ಒಬ್ಬ ಹಿರಿಯರನ್ನು ನೇಮಿಸಿ. ಸ್ವಾಗತದ ಸಾಲಿನಲ್ಲಿ ಈ ಬಾರಿ ಮಕ್ಕಳು ನಿಂತು ಹಿರಿಯರನ್ನು ಬರಮಾಡಿಕೊಳ್ಳಬೇಕು. ಮೊದಲ ಮೂರು ಹಾಡುಗಳಿಗೆ ಜೋಡಿಯನ್ನು ನೀವೇ ಗೊತ್ತುಮಾಡಿ, ನಂತರದವುಗಳಿಗೆ ಮಕ್ಕಳೇ ಕರೆಯಲಿ, ಒಂದು ವಾಲ್ಟ್ಜ್ ಅನ್ನು ತಂದೆ, ತಾಯಿ ಅಥವಾ ಬಂದಿರುವ ಅಜ್ಜ ಅಜ್ಜಿಯರಿಗಾಗಿ ತೆಗೆದಿರಿಸಿ. ಸೀರೆಯುಟ್ಟ ಅಜ್ಜಿಯೊಂದಿಗೆ ಆಡುವಾಗ ಹಿಂದಡಿಯ ಹೆಜ್ಜೆ ಚಿಕ್ಕದಾಗಿರಬೇಕು, ನೆರಿಗೆ ಕಾಲಿಗೆ ಸಿಕ್ಕದಂತೆ ಮುನ್ನಡೆಸುವವರೇ ನೋಡಿಕೊಳ್ಳಬೇಕು.

ಕೂಟ ಮುಗಿದ ಒಂದು ವಾರದೊಳಗೆ ಪ್ರತಿ ಮಗುವೂ ಸಭಾಂಗಣ ಒದಗಿಸಿದವರಿಗೋ ಅಡುಗೆ ಮಾಡಿದವರಿಗೋ ಕೈಬರಹದ ಕೃತಜ್ಞತಾ ಪತ್ರ ಬರೆಯಬೇಕು. ಅದಕ್ಕೆ ಮೂರು ವಾಕ್ಯ ಸಾಕು: ಯಾವುದಕ್ಕೆ ಕೃತಜ್ಞತೆ ಎಂಬುದನ್ನು ಹೆಸರಿಸುವ ಒಂದು, ಅದರಲ್ಲಿ ತನಗೆ ಇಷ್ಟವಾದ ನಿರ್ದಿಷ್ಟ ಸಂಗತಿಯೊಂದನ್ನು ಹೇಳುವ ಇನ್ನೊಂದು, ಮತ್ತೆ ಭೇಟಿಯಾಗುವ ಆಶಯದ ಮೂರನೆಯದು. ಎರಡನೆಯ ವಾಕ್ಯವನ್ನು ಮಾತ್ರ ಪೋಷಕರು ಬರೆದುಕೊಡಬಾರದು.